ಒಂದು ಕೋರ್ ಸಾಕಾ, ಎರಡು ಬೇಕಾ?

ಈಗ ಮಕ್ಕಳ ಕೈಲಿರೋ ಫೋನಲ್ಲೇ ಎಂಟೆಂಟು ಕೋರ್ ಇರ್ತವೆ, ಯಾರೂ ಎಣಿಸಕ್ಕೆ ಹೋಗಲ್ಲ. ಆದ್ರೆ 2006ರಿಂದ ಒಂದು ನಾಲ್ಕೈದು ವರ್ಷ ಲ್ಯಾಪ್‌ಟಾಪ್ ತಗೊಳ್ಳೋ ಮನೇಲೆಲ್ಲ ಇದೇ ಚರ್ಚೆ. ಸಿಂಗಲ್ ಕೋರ್ ಸಾಕಾ, ಡ್ಯುಯಲ್ ಕೋರೇ ಆಗ್ಬೇಕಾ? ನಮ್ಮ ಕಡೆ ಈ ಮಾತು ಜೋರಾಗಿದ್ದು 2007ರಲ್ಲಿ ಕುಶಾಲನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಶುರುವಾದ್ಮೇಲೆ. ಆಗ ಕುಶಾಲನಗರವೂ ಸೋಮವಾರಪೇಟೆ ತಾಲ್ಲೂಕೇ ಅಲ್ವಾ, ಮನೆಯಿಂದ ಬಸ್ಸಲ್ಲಿ ಓಡಾಡಿಕೊಂಡು ಹುಡುಗೀರು ಓದೋ ಹಾಗಾಯ್ತು.

ಕೋರ್ ಅಂದ್ರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡೋ ಭಾಗ. ಅಡುಗೆಮನೇಲಿ ಕೆಲಸ ಮಾಡೋ ಒಬ್ಬ ಹೆಂಗಸು ಅಂದ್ಕೊಳ್ಳಿ. ಮೊದಲೆಲ್ಲ ಕಂಪನಿಗಳು ಆ ಒಬ್ಬಳನ್ನೇ ಬೇಗ ಬೇಗ ಮಾಡು ಅಂತ ಓಡಿಸ್ತಿದ್ವು. ಪೆಟ್ಟಿಗೆ ಮೇಲೆ ಗಿಗಾಹರ್ಟ್ಸ್ ಅಂತ ಬರೀತಿದ್ರಲ್ಲ, ಅದು ಅವಳ ಕೈ ಓಡೋ ವೇಗ. ವೇಗ ಏರಿದ ಹಾಗೆ ಚಿಪ್ಪು ಕಾಯದು ಅದಕ್ಕಿಂತ ಜಾಸ್ತಿ ಏರ್ತಾ ಹೋಯ್ತು. ಇಂಟೆಲ್ಲಿನ ಪೆಂಟಿಯಮ್ 4 ಕೊನೆಗೆ ನೂರು ವಾಟ್ ದಾಟಿ ಬಿಸಿಯಾಗ್ತಿತ್ತು, ಹಳೇ ಗುಂಡು ಬಲ್ಬಿನ ಹಾಗೆ. 2004ರಲ್ಲಿ 4 ಗಿಗಾಹರ್ಟ್ಸಿನ ಪೆಂಟಿಯಮ್ 4 ತರೋ ಯೋಚನೆಯನ್ನೇ ಇಂಟೆಲ್ ಕೈಬಿಟ್ಟಿತು. ಒಬ್ಬಳನ್ನ ಓಡಿಸೋ ಬದಲು ಇನ್ನೊಬ್ಬಳನ್ನ ಕರೆದುಕೊಂಡು ಬರೋದೇ ವಾಸಿ ಅನ್ನೋ ತೀರ್ಮಾನ. ಐಬಿಎಂ ಇದನ್ನ 2001ರಲ್ಲೇ ತನ್ನ ಪವರ್ 4 ಅನ್ನೋ ದೊಡ್ಡ ಯಂತ್ರದ ಚಿಪ್ಪಲ್ಲಿ ಮಾಡಿತ್ತು. ಮನೆ ಕಂಪ್ಯೂಟರಿಗೆ ಇಂಟೆಲ್, ಎಎಂಡಿ ಇಬ್ರೂ 2005ರಲ್ಲಿ ತಂದ್ರು. ಲ್ಯಾಪ್‌ಟಾಪಿಗೆ 2006ರ ಜನವರೀಲಿ ಇಂಟೆಲ್ ಕೋರ್ ಡ್ಯುಯೋ ಬಂತು.

ಬೆಂಗಳೂರಿನವರ ಪಾಲೂ ಇದರಲ್ಲಿ ಇದೆ. ಇಂಟೆಲ್ಲಿನ ಬೆಂಗಳೂರು ಕಚೇರೀಲಿ ನಾಲ್ಕು ಕೋರಿನ ಒಂದು ಚಿಪ್ಪಿನ ಕೆಲಸ ನಡೀತಿತ್ತು, ಹೆಸರು ವೈಟ್‌ಫೀಲ್ಡ್, ನಮ್ಮ ವೈಟ್‌ಫೀಲ್ಡೇ! 2005ರಲ್ಲಿ ಅದನ್ನ ನಿಲ್ಲಿಸಿಬಿಟ್ರು. ಆಮೇಲೆ ಅಲ್ಲಿಯವರೇ ವಿನ್ಯಾಸ ಮಾಡಿದ ಡನ್ನಿಂಗ್ಟನ್ ಅನ್ನೋ ಆರು ಕೋರಿನ ಸರ್ವರ್ ಚಿಪ್ಪು 2008ರ ಸೆಪ್ಟೆಂಬರಲ್ಲಿ ಹೊರಗೆ ಬಂತು, ಸುಮಾರು 190 ಕೋಟಿ ಟ್ರಾನ್ಸಿಸ್ಟರ್ ಇರೋದು. ಮನೆಗೆ ತರೋ ಸಾಮಾನಲ್ಲ, ಆದ್ರೂ ಹೇಳ್ಬೇಕು ಅನ್ನಿಸ್ತು.

2009ರಲ್ಲಿ ತಂಗಿ ಮಗಳಿಗೆ ಸೀಟು ಸಿಕ್ತು. ಬೇಸಿಗೇಲಿ ಕಾಫಿ ಮಾರಿ ಎತ್ತಿಟ್ಟಿದ್ದ ದುಡ್ಡು, ಅದರಲ್ಲಿ ಫೀಸು, ಪುಸ್ತಕ, ಬಸ್ ಪಾಸು ಎಲ್ಲ ಆಗ್ಬೇಕು. ನಮ್ಮತ್ತೆ ಕೇಳಿದ್ದೇ ಸರಿಯಾದ ಪ್ರಶ್ನೆ: "ಅಲ್ಲ ಕಣೆ, ಎರಡು ಇದ್ರೆ ಕರೆಂಟು ಎರಡು ಪಟ್ಟು ಎಳೆಯಲ್ವಾ?"

ಎಳೆಯಲ್ಲ. ಕೋರ್ ಡ್ಯುಯೋ ಹೆಚ್ಚೆಂದ್ರೆ 31 ವಾಟ್, ಅದರ ಒಂಟಿ ತಂಗಿ ಕೋರ್ ಸೋಲೋ 27. ತಮಾಷೆ ಏನಂದ್ರೆ ಸೋಲೋ ಒಳಗೂ ಎರಡು ಕೋರ್ ಇರ್ತಿತ್ತು, ಒಂದನ್ನ ಆರಿಸಿ ಮಾರ್ತಿದ್ರು. ಕೆಲಸ ಇಲ್ಲದಾಗ ಡ್ಯುಯೋದಲ್ಲೂ ಒಂದು ಕೋರ್ ನಿದ್ದೆ ಮಾಡ್ತದೆ.

ಹಾಗಂತ ಎರಡು ಕೋರ್ ಇದ್ರೆ ಎಲ್ಲಾ ಎರಡರಷ್ಟು ಬೇಗ ಆಗ್ತದೆ ಅಂತಲೂ ಅಲ್ಲ. ಇಬ್ರು ನಿಂತ್ಕೊಂಡ್ರೆ ಕಡುಬು ಅರ್ಧ ಹೊತ್ತಲ್ಲಿ ಬೇಯಲ್ಲ. ಒಬ್ಬಳು ಕಡುಬು ನೋಡ್ಕೊಳ್ಳುವಾಗ ಇನ್ನೊಬ್ಬಳು ಸಾರಿಗೆ ಅರೆದ್ರೆ ಊಟ ಬೇಗ ಆಗ್ತದೆ, ಅಷ್ಟೇ. ವೈರಸ್ ಸ್ಕ್ಯಾನ್ ಓಡ್ತಿರುವಾಗಲೂ ನುಡೀಲಿ ಟೈಪ್ ಮಾಡಿದ್ರೆ ಅಕ್ಷರ ತಡವರಿಸದೇ ಬರ್ತದಲ್ಲ, ಅಲ್ಲಿ ಎರಡನೇ ಕೋರಿನ ಗುಣ ಗೊತ್ತಾಗದು.

ಎದುರಿಗೆ ಇದ್ದಿದ್ದು ನೆಟ್‌ಬುಕ್. 2008ರಲ್ಲಿ ಬಂದ ಆಟಮ್ ಎನ್270 ಚಿಪ್ಪಿಂದು. ಒಂದೇ ಕೋರ್, 1.6 ಗಿಗಾಹರ್ಟ್ಸ್, ಶಾಖ ಎರಡೂವರೆ ವಾಟ್ ಅಷ್ಟೇ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ರೆ ನಮಗೆ ಕರೆಂಟು ಯಾವಾಗ ಬರ್ತದೋ ದೇವರೇ ಬಲ್ಲ, ಹಾಗಾಗಿ ಬ್ಯಾಟರಿ ಬಾಳಿಕೆ ನೋಡಿದವರು ಅದನ್ನೇ ತಗೊಂಡ್ರು. ದುಡ್ಡೂ ಕಮ್ಮಿ. ಪತ್ರ ಬರೆಯೋಕೆ, ಮೇಲ್ ನೋಡೋಕೆ ಧಾರಾಳವಾಗಿ ಸಾಕು. ಆದ್ರೆ ಪರದೆ ಅಂಗೈಯಗಲ, ಸಿಡಿ ಹಾಕೋ ಜಾಗವೇ ಇಲ್ಲ, ಕಾಲೇಜಿನ ಪ್ರೋಗ್ರಾಮು ಓಡಿಸಿದ್ರೆ ಏದುಸಿರು. ನಾಲ್ಕು ವರ್ಷ ಓದೋ ಹುಡುಗಿಗೆ ಅದು ಬೇಡ ಅಂದೆ. ಎರಡು ಕೋರಿನ ಪೆಂಟಿಯಮ್, ಎರಡು ಜಿಬಿ ರ‍್ಯಾಮ್ ಇರೋದು ಬಂತು ಮನೆಗೆ. ನನ್ನ ಕೇಳಿದ್ರೆ ಆ ರ‍್ಯಾಮೇ ಹೆಚ್ಚು ಉಪಕಾರ ಮಾಡಿದ್ದು. ವಿಸ್ಟಾ ಬಂದ್ಮೇಲೆ ರ‍್ಯಾಮ್ ಕಮ್ಮಿ ಇದ್ರೆ ಎಷ್ಟು ಕೋರ್ ಇದ್ರೂ ಕಾಯೋದೇ.

ಯಾರ ಮನೆ ಅಟ್ಟದಲ್ಲಾದ್ರೂ ಆ ಕಾಲದ್ದು ಇದ್ರೆ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ, ಪರ್ಫಾರ್ಮೆನ್ಸ್ ಅಂತ ಇರೋದನ್ನ ನೋಡಿ. ಎರಡು ಗೀಟಿನ ಚೌಕ ಕಂಡ ತಕ್ಷಣ ಡ್ಯುಯಲ್ ಕೋರ್ ಅಂತ ಯಾರಾದ್ರೂ ಮಾರೋಕೆ ಬಂದ್ರೆ ನಂಬಬೇಡಿ. ಆಟಮ್ ಎನ್270ನಲ್ಲೂ ಎರಡೇ ಕಾಣದು, ಒಂದೇ ಕೋರ್ ಎರಡು ಕೆಲಸ ಹಿಡ್ಕೊಳ್ಳೋ ಉಪಾಯ ಅದರಲ್ಲಿದೆ. ಚಿಪ್ಪಿನ ಹೆಸರು ಓದ್ಕೊಂಡೇ ರೇಟು ಹೇಳಿ.