ಎರಡಾಣೆಯ ಪಿಗ್ಮಿ

ಮ್ಯೂಚುವಲ್ ಫಂಡಿಗೆ ಕಂತುಕಂತಾಗಿ ಹಣ ಹಾಕುವ ತಿಂಗಳ ಎಸ್‌ಐಪಿಯನ್ನು ಹೊಸ ಕಾಲದ ಜಾಣತನವೆಂದು ಕೊಂಡಾಡುವವರು ಉಡುಪಿಯ ಪಿಗ್ಮಿಯನ್ನು ಮರೆತಿರುತ್ತಾರೆ. ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ 1925ರಲ್ಲಿ 8,000 ರೂಪಾಯಿ ಬಂಡವಾಳ ಹಾಕಿ, ಕೈಮಗ್ಗದ ನೇಕಾರರ ಸಂಕಷ್ಟಕ್ಕೆ ಒದಗಲೆಂದು ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು: ದಿನಕ್ಕೆ ಎರಡಾಣೆಯಾದರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ತಿಂಗಳಿಗೆ ಮೂರೂಮುಕ್ಕಾಲು ರೂಪಾಯಿ. ದಿನಗೂಲಿಯವರಿಗೆ, ಗೂಡಂಗಡಿಯವರಿಗೆ ದುಡ್ಡು ಬರುವುದೇ ದಿನದ ಲೆಕ್ಕದಲ್ಲಿ, ಖರ್ಚಾಗುವುದೂ ಹಾಗೆಯೇ. ಆದ್ದರಿಂದ ಉಳಿತಾಯವೂ ದಿನದಿನವೇ ಕೈಬಿಟ್ಟು ಹೋಗಬೇಕು ಎಂಬ ತಿಳಿವಳಿಕೆಯೇ ಪಿಗ್ಮಿಯ ನಿಜವಾದ ಆವಿಷ್ಕಾರ. ತಿಂಗಳ ಸಂಬಳವಿದ್ದವರಿಗೆ ಹೆಚ್ಚು ಹೊಂದುವ ತಿಂಗಳ ಎಸ್‌ಐಪಿಗಿಂತ ಒಂದು ಹೆಜ್ಜೆ ಮುಂದೆ ಎಂದರೂ ತಪ್ಪಲ್ಲ. ಬಡ್ಡಿ ಕಡಿಮೆ, ಬೆಲೆಯೇರಿಕೆ ಅದನ್ನೂ ತಿಂದುಹಾಕುತ್ತದೆ ಎಂದು ಆಕ್ಷೇಪಿಸಬಹುದು. ನಿಜ. ಆದರೆ ಆ ಎರಡಾಣೆಗೆ ಪೈಪೋಟಿಯಿದ್ದದ್ದು ಷೇರುಪೇಟೆಯಿಂದಲ್ಲ, ಸಂಜೆಯ ಖರ್ಚಿನಿಂದ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕ್ರಮ ತಪ್ಪದೆ ಕಟ್ಟಿದರೂ ಹಣವೆಲ್ಲ ಒಂದೇ ಬ್ಯಾಂಕಿನಲ್ಲಿ ಉಳಿಯುತ್ತಿತ್ತು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿದಾಗ, ಠೇವಣಿದಾರರ ಶಿಸ್ತು ಅವರನ್ನು ಕಾಯಲಿಲ್ಲ. 1,500 ರೂಪಾಯಿವರೆಗಿನ ಠೇವಣಿ ವಿಮೆ ಜಾರಿಗೆ ಬಂದದ್ದೇ 1962ರಲ್ಲಿ. ಎಲ್ಲವನ್ನೂ ಒಂದೇ ಕಡೆ ಇಡದೆ ಹಂಚಿಡುವ ವಿದ್ಯೆ ಹೊಲದಲ್ಲಂತೂ ಹಳೆಯದು. ಅಕ್ಕಡಿ ಸಾಲಿನಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಿದ್ದ ಹಳೇ ಮೈಸೂರಿನ ರೈತ ಬೆಳೆಗಳ ಸಂಖ್ಯೆ ನೋಡುತ್ತಿರಲಿಲ್ಲ, ಅವುಗಳಿಗೆ ಒದಗುವ ಕೇಡುಗಳು ಬೇರೆಬೇರೆಯೇ ಎಂದು ನೋಡುತ್ತಿದ್ದ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಮುಂದೆ ಇಬ್ಬನಿಯಲ್ಲಿ ಅವರೆ ಕಾಯಿ ಬಿಡಬಹುದಿತ್ತು. 1964ರ ಯೂನಿಟ್ ಟ್ರಸ್ಟಿನ ಯುಎಸ್-64 ಎಂಬ ಹೂಡಿಕೆ ಯೋಜನೆ ಹಂಚಿಡುವುದರ ಈ ಭರವಸೆಯನ್ನೇ ಸಣ್ಣ ಉಳಿತಾಯಗಾರರಿಗೆ ಮಾರಿತು. ಅದರ ಬುಟ್ಟಿಯಲ್ಲಿ ಷೇರುಗಳು ಹಲವಿದ್ದವು. ಆದರೆ ಯೂನಿಟ್ಟಿನ ಬೆಲೆ ಆಸ್ತಿಯ ನಿಜ ಮೌಲ್ಯವನ್ನು ಹಿಂಬಾಲಿಸುತ್ತಿರಲಿಲ್ಲ. ಷೇರುಪೇಟೆ ಕುಸಿದ ಮೇಲೆ, 2001ರ ಜುಲೈನಲ್ಲಿ, ಯೂನಿಟ್ ಮರುಖರೀದಿಯನ್ನೇ ನಿಲ್ಲಿಸಬೇಕಾಯಿತು. ಹಲವು ಸಾಲು ಬಿತ್ತಿದ್ದರೂ ಎಲ್ಲವೂ ಒಂದೇ ಮಳೆ ನಂಬಿದ್ದವು.

ಹಾಗಾದರೆ ಎರಡು ಬ್ಯಾಂಕುಗಳಲ್ಲಿ ಹಂಚಿಟ್ಟರಾಯಿತಲ್ಲ ಎಂದರೆ, ಅದಕ್ಕೂ ಕರಾವಳಿಯ ಚರಿತ್ರೆಯಲ್ಲೇ ಉತ್ತರವಿದೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇವೆರಡರಲ್ಲಿ ಅರ್ಧರ್ಧ ಇಟ್ಟಿದ್ದವರ ಠೇವಣಿ, ಬ್ಯಾಂಕೊಂದಕ್ಕೆ ಐದು ಲಕ್ಷದ ಠೇವಣಿ ವಿಮೆಯ ಲೆಕ್ಕಕ್ಕೆ, ಒಂದೇ ಬ್ಯಾಂಕಿನದಾಯಿತು.