ಮಳೆಯ ಗರ್ಭ, ನೆಲದ ನಡುಕ: ಬೃಹತ್ಸಂಹಿತೆಯ ಎರಡು ಮುನ್ಸೂಚನಾ ಕ್ರಮಗಳು

ಆರನೆಯ ಶತಮಾನದಲ್ಲಿ ಅವಂತಿಯ ವರಾಹಮಿಹಿರ ರಚಿಸಿದ ಬೃಹತ್ಸಂಹಿತೆ ಮಳೆಯನ್ನೂ ಭೂಕಂಪವನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ವಿವರಿಸುತ್ತದೆ. ಎರಡಕ್ಕೂ ನಕ್ಷತ್ರ, ಗಾಳಿ, ದಿಕ್ಕುಗಳ ಬಣ್ಣವೇ ಆಧಾರವಾದ್ದರಿಂದ ಇವನ್ನು ಶಕುನಶಾಸ್ತ್ರವೆಂದು ಒಟ್ಟಿಗೆ ಬದಿಗಿಡುವುದು ಸುಲಭ. ಆದರೆ ಮಳೆಯ ಅಧ್ಯಾಯಗಳಲ್ಲಿ ಹೇಳಿದ್ದನ್ನು ತಾಳೆ ನೋಡಲು ಬರುತ್ತದೆ, ಭೂಕಂಪದ ಅಧ್ಯಾಯದಲ್ಲಿ ಬಹುಮಟ್ಟಿಗೆ ಬರುವುದಿಲ್ಲ ಎಂಬುದು ಈ ಲೇಖನದ ವಾದ.

ಮಳೆಯ ಸಿದ್ಧಾಂತ ಹೀಗಿದೆ: ಚಳಿಗಾಲದ ಆರಂಭದಿಂದ ಮೋಡ ಗರ್ಭ ಕಟ್ಟುತ್ತದೆ, 195 ದಿನಗಳ ಬಳಿಕ, ಚಂದ್ರ ಅದೇ ನಕ್ಷತ್ರದಲ್ಲಿರುವಾಗ, ಮಳೆಯಾಗಿ ಹೆರುತ್ತದೆ. ಶುಕ್ಲಪಕ್ಷದ ಗರ್ಭ ಕೃಷ್ಣಪಕ್ಷದಲ್ಲಿ, ಹಗಲಿನದು ಇರುಳಿನಲ್ಲಿ ಫಲಿಸುತ್ತದೆ. ಈ ದಿನಗಳನ್ನು ತಿಥಿಗಳೆಂದು ಎಣಿಸಿದರೆ ಲೆಕ್ಕದ ಜಾಣ್ಮೆ ಕಾಣುತ್ತದೆ. 195 ತಿಥಿಗಳೆಂದರೆ ಆರೂವರೆ ಚಾಂದ್ರಮಾಸ, ಸುಮಾರು 192 ದಿನ. ಚಂದ್ರ ನಕ್ಷತ್ರಚಕ್ರವನ್ನು ಏಳು ಸಲ ಸುತ್ತಲು ಬೇಕಾದದ್ದು ಸುಮಾರು 191 ದಿನ. ಪಕ್ಷ ಬದಲಾಗುವುದು, ನಕ್ಷತ್ರ ಮರಳುವುದು ಎರಡೂ ಒಂದೇ ಎಣಿಕೆಯಲ್ಲಿ ಕೂಡಿಬರುತ್ತವೆ.

ಬಿದ್ದ ಮಳೆಗೂ ಅಳತೆಯಿದೆ. ಒಂದು ಹಸ್ತ (ಮೊಳ) ಅಗಲದ ಪಾತ್ರೆಯಲ್ಲಿ ನಿಂತ ನೀರು 50 ಪಲವಾದರೆ ಒಂದು ಆಢಕ. ನಾಲ್ಕು ಆಢಕಕ್ಕೆ ಒಂದು ದ್ರೋಣ. ಕೌಟಿಲ್ಯನ ಅರ್ಥಶಾಸ್ತ್ರವೂ ಉಗ್ರಾಣದಲ್ಲಿ ಮಳೆಯ ಪಾತ್ರೆ ಇಡಲು ಹೇಳಿ, ಅವಂತಿಗೆ 23 ದ್ರೋಣ ಮಳೆಯನ್ನು ನಮೂದಿಸುತ್ತದೆ. ಬಿತ್ತನೆಗೂ ಕಂದಾಯಕ್ಕೂ ಆ ಅಂಕಿ ಬೇಕಿತ್ತು.

ಭೂಕಂಪದ ಅಧ್ಯಾಯ ಮೊದಲು ಹಳೆಯ ಮತಗಳನ್ನು ಮುಂದಿಡುತ್ತದೆ: ನೀರಿನೊಳಗಿನ ಮಹಾಪ್ರಾಣಿಗಳ ಚಲನೆ, ಭಾರಕ್ಕೆ ದಣಿದ ದಿಗ್ಗಜಗಳ ನಿಟ್ಟುಸಿರು, ಗಾಳಿಗೆ ಗಾಳಿ ಬಡಿಯುವುದು, ಅದೃಷ್ಟ ಎಂದರೆ ಕಣ್ಣಿಗೆ ಕಾಣದ ಕರ್ಮಫಲ. ಬಳಿಕ ವಾಯು, ಅಗ್ನಿ, ಇಂದ್ರ, ವರುಣರ ಹೆಸರಿನ ನಾಲ್ಕು ಮಂಡಲಗಳಿಗೆ ಏಳೇಳು ನಕ್ಷತ್ರಗಳನ್ನು ಹಂಚುತ್ತದೆ. ಕಂಪನಕ್ಕೆ ಒಂದು ವಾರ ಮೊದಲೇ ಹೊಗೆ ಕವಿದ ದಿಕ್ಕು, ಧೂಳೆಬ್ಬಿಸುವ ಗಾಳಿಯಂಥ ಲಕ್ಷಣಗಳು ತೋರುತ್ತವೆ ಎನ್ನುತ್ತದೆ. ಆದರೆ ಇಪ್ಪತ್ತೆಂಟು ನಕ್ಷತ್ರಗಳೂ ಹಂಚಿಹೋಗಿರುವುದರಿಂದ ನೆಲ ಯಾವ ದಿನ ನಡುಗಿದರೂ ಒಂದಲ್ಲ ಒಂದು ಮಂಡಲಕ್ಕೆ ಸೇರಿಯೇ ತೀರುತ್ತದೆ. ಮಳೆಯ ಪಾತ್ರೆಯಂಥ ಅಳೆಯುವ ಸಾಧನವಂತೂ ಇಲ್ಲ. ಕಂಪನವೇ ರೋಗ, ರಾಜಮರಣಗಳಿಗೆ ಮುನ್ಸೂಚನೆಯಾಗುತ್ತದೆ.

ಈ ಅಂತರಕ್ಕೆ ಕಾರಣ ಗ್ರಂಥಕಾರನ ಸಾಮರ್ಥ್ಯವಲ್ಲ, ವಿಷಯದ ಸ್ವಭಾವ. ಮುಂಗಾರು ವರ್ಷವರ್ಷವೂ ಮರಳುತ್ತದೆ. ದೊಡ್ಡ ಭೂಕಂಪ ಒಂದೇ ಊರಿಗೆ ಒಂದು ತಲೆಮಾರಿನಲ್ಲಿ ಎರಡು ಸಲ ಬರುವುದು ಅಪರೂಪ. ಭೂಕಂಪದ ದಿನವನ್ನು ಮೊದಲೇ ಹೇಳುವ ನಂಬಲರ್ಹ ವಿಧಾನ ಇಂದಿಗೂ ಇಲ್ಲ. ಸುಮಾರು 1300ರ ಹೊತ್ತಿಗೆ ಅರ್ಹದ್ದಾಸ ಕನ್ನಡದಲ್ಲಿ ಬರೆದ ರಟ್ಟಮತವೂ ಮಳೆ, ಮಿಂಚು, ಭೂಕಂಪಗಳನ್ನು ಒಟ್ಟಿಗೆ ಹೇಳುತ್ತದೆ. ಅದನ್ನೂ ಇದೇ ಒರೆಗಲ್ಲಿಗೆ ಹಚ್ಚಿ ಓದಬೇಕು.

ಗರ್ಭಸಿದ್ಧಾಂತವನ್ನು ಇಂದಿನ ಹವಾಮಾನ ವಿಜ್ಞಾನ ಒಪ್ಪುವುದಿಲ್ಲ. ಆದರೂ ದಿನವನ್ನೂ ಅಳತೆಯನ್ನೂ ಹೇಳಿದ ಮಾತು ತಪ್ಪಾದರೆ ತಪ್ಪೆಂದು ಸಾಬೀತಾಗಬಲ್ಲದು. ಅದರ ವೈಜ್ಞಾನಿಕ ಬೆಲೆ ಇರುವುದು ಅಲ್ಲಿಯೇ.