ಚೆಕ್ಕೆ ಎದ್ದ ನೆಲ ಹೇಳುವ ಇತಿಹಾಸ

ಅಡುಗೆಮನೆಯಲ್ಲಿ ಕುಟ್ಟಾಣಿ ಕೈಜಾರಿ ಬಿತ್ತು ಎಂದುಕೊಳ್ಳಿ. ಹೊಳೆಯುವ ಟೈಲ್ಸ್‌ನ ಅಂಚಿನಿಂದ ಉಗುರಿನಷ್ಟು ಚೆಕ್ಕೆ ಹಾರುತ್ತದೆ. ಚೂಪಾದ ಆ ಅಂಚು ಬರಿಗಾಲಿಗೆ ಅಪಾಯಕಾರಿ. ಇದನ್ನು ಮನೆಯಲ್ಲೇ ಸರಿಪಡಿಸಬಹುದೇ? ಉತ್ತರಕ್ಕೆ ನೆಲದ ಇತಿಹಾಸವನ್ನು ಸ್ವಲ್ಪ ಕೆದಕಬೇಕು.

ಅತ್ತಿಬೆಲೆಯನ್ನೇ ತೆಗೆದುಕೊಳ್ಳಿ. ಬೆಂಗಳೂರು–ಹೊಸೂರು ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ತಾಗಿದ, ಆನೇಕಲ್ ತಾಲ್ಲೂಕಿನ ಊರು ಇದು. ಕೈಗಾರಿಕೆಗಳೊಂದಿಗೆ ಬೆಳೆದ ಇಂತಹ ಊರುಗಳಲ್ಲಿ ಕಲ್ಲುಚಪ್ಪಡಿ, ಕೆಂಪು ನೆಲ, ಮೊಸಾಯಿಕ್, ಟೈಲ್ಸ್ ಹೀಗೆ ಹಲವು ಕಾಲದ ನೆಲಗಳು ಅಕ್ಕಪಕ್ಕದಲ್ಲೇ ಇರುತ್ತವೆ.

ಮಣ್ಣಿನ ನೆಲಕ್ಕೆ ದುರಸ್ತಿ ಎಂಬುದು ಬೇರೆಯಾಗಿರಲಿಲ್ಲ. ಕಿತ್ತುಹೋದಲ್ಲಿ ಮಣ್ಣು ಮೆತ್ತಿ, ಸಗಣಿಯಿಂದ ಸಾರಿಸಿದರೆ ಮುಗಿಯಿತು. ಸುಣ್ಣದ ಗಾರೆಯೂ ಹೀಗೆಯೇ. ಕಲಸಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಿನ ರಾಸಾಯನಿಕ ರೂಪಕ್ಕೆ ಮರಳುತ್ತದೆ. ಆದ್ದರಿಂದ ಹೊಸ ಗಾರೆ ಹಳೆಯದರೊಂದಿಗೆ ಹೊಂದಿಕೊಳ್ಳುತ್ತದೆ.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದರು. ಮುಂದೆ ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿ, ಕರಣೆಯಿಂದ ತಿಕ್ಕಿ ನುಣುಪಾಗಿಸಿದ ಕೆಂಪು ನೆಲ ನಮ್ಮ ಮನೆಗಳಿಗೆ ಬಂತು. ಇದರ ಬಿರುಕನ್ನು ಅದೇ ಮಿಶ್ರಣದಿಂದ ಮುಚ್ಚಬಹುದು. ಆದರೆ ತೇಪೆಯ ಬಣ್ಣ ಹಳೆಯದರೊಂದಿಗೆ ಕೂಡುವುದು ಕಷ್ಟ. ಇದಕ್ಕೆ ನುರಿತ ಮೇಸ್ತ್ರಿಯ ಕೈಯೇ ಬೇಕು.

ಸುಟ್ಟ ಮಣ್ಣಿನ ದಾರಿ ಬೇರೆ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಜೇಡಿಮಣ್ಣನ್ನು ಸುಟ್ಟಾಗ ಅದರ ಖನಿಜಗಳಲ್ಲಿ ಬೆಸೆದುಕೊಂಡ ನೀರೂ ಹೊರಟುಹೋಗುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಅದು ಮತ್ತೆ ಕೆಸರಾಗದು. ಒಡೆದ ಹೆಂಚನ್ನು ಹೆಂಚಿನ ಮಣ್ಣಿನಿಂದಲೇ ಸರಿಪಡಿಸಲಾಗದಿರುವುದು ಇದರಿಂದಲೇ.

ಇಂದಿನ ವಿಟ್ರಿಫೈಡ್ ಟೈಲ್ಸ್ ಇನ್ನೊಂದು ಹೆಜ್ಜೆ ಮುಂದೆ. ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಫೆಲ್ಡ್‌ಸ್ಪಾರ್ ಕರಗಿ ಗಾಜಿನಂತಾಗಿ ರಂಧ್ರಗಳನ್ನು ತುಂಬುತ್ತದೆ. ಇದು ಹೀರುವ ನೀರು ತೂಕದ ಶೇಕಡಾ 0.5ಕ್ಕಿಂತ ಹೆಚ್ಚಿಲ್ಲ. ರಂಧ್ರಗಳಿಲ್ಲದ ಮೇಲೆ ಬರಿಯ ಸಿಮೆಂಟಿನ ತೇಪೆಗೆ ಹಿಡಿತ ಸಿಗುವುದಿಲ್ಲ. ಕೆಲವು ದಿನಗಳಲ್ಲೇ ಅದು ಎದ್ದುಬರುತ್ತದೆ.

ಇಲ್ಲಿ ನೆರವಿಗೆ ಬರುವುದು ಎಪಾಕ್ಸಿ. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಇದನ್ನು ದಂತವೈದ್ಯಕೀಯಕ್ಕಾಗಿ ರೂಪಿಸಿದರು. 1940ರ ದಶಕದಲ್ಲಿ ಅದು ಅಂಟಾಗಿ ಮಾರುಕಟ್ಟೆಗೆ ಬಂತು. ರೆಸಿನ್ ಮತ್ತು ಹಾರ್ಡನರ್ ಬೆರೆತಾಗ ಅಣುಗಳು ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತವೆ.

ಮೊದಲು ನಾಣ್ಯದಿಂದ ಟೈಲ್ಸನ್ನು ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಡಿಯ ಗಾರೆ ಬಿಟ್ಟಿದೆ. ಟೈಲ್ಸ್ ತೆಗೆದು ಮತ್ತೆ ಕೂರಿಸಬೇಕು. ಸದ್ದು ಗಟ್ಟಿಯಾಗಿದ್ದರೆ ಗುಂಡಿಯ ಜಿಡ್ಡು, ಧೂಳು ತೆಗೆದು ಪೂರ್ತಿ ಒಣಗಿಸಿ. ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ಎಪಾಕ್ಸಿ ಕಲಸಿ, ಹೊಂದುವ ಬಣ್ಣದ ಪುಡಿ ಸೇರಿಸಿ, ತುಸು ಉಬ್ಬುವಂತೆ ತುಂಬಿ. ಗಟ್ಟಿಯಾದ ಬಳಿಕ ನುಣುಪಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, ತೇಪೆಯ ಮೇಲೆ ಮಾತ್ರ ಉಜ್ಜಿ. ಕಲಸುವಾಗ ಕೈಗವಸು ಇರಲಿ, ಕಿಟಕಿ ತೆರೆದಿರಲಿ.

ಟೈಲ್ಸನ್ನು ಯಂತ್ರದಿಂದ ಒಣದಾಗಿ ಕತ್ತರಿಸಬೇಡಿ, ಕತ್ತರಿಸಲು ಬಿಡಲೂ ಬೇಡಿ. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶ ಸೇರಿದರೆ ಗುಣವಾಗದ ಸಿಲಿಕೋಸಿಸ್ ಬರಬಹುದು. ಹತ್ತಿರದ ಜಿಗಣಿಯ ಗ್ರಾನೈಟ್ ಘಟಕಗಳಾಗಲಿ, ನಿಮ್ಮ ಮನೆಯಂಗಳವಾಗಲಿ, ಕತ್ತರಿಸುವವರ ಉಸಿರು ಒಂದೇ. ಚಿಕ್ಕ ಚೆಕ್ಕೆಗೆ ಇಡೀ ಟೈಲ್ಸ್ ಕೀಳದೆ ತೇಪೆ ಹಾಕಿದರೆ ಹಣದ ಜೊತೆಗೆ ಈ ಧೂಳೂ ಉಳಿಯುತ್ತದೆ.

ಶಿಕ್ಷಕರು ತರಗತಿಯಲ್ಲಿ ಈ ಪ್ರಯೋಗ ಮಾಡಿಸಬಹುದು. ಹೆಂಚಿನ ಹಾಗೂ ವಿಟ್ರಿಫೈಡ್ ಟೈಲ್ಸ್‌ನ ಸುಮಾರು 200 ಗ್ರಾಂ ತೂಕದ ಒಣ ಚೂರುಗಳನ್ನು ತೂಗಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒರೆಸಿ ಮತ್ತೆ ತೂಗಲಿ. ಟೈಲ್ಸ್‌ನ ತೂಕ 1 ಗ್ರಾಂಗಿಂತ ಹೆಚ್ಚು ಏರದು. ಹೆಂಚಿನ ಏರಿಕೆ ಅದಕ್ಕಿಂತ ಎಷ್ಟೋ ಪಟ್ಟು. ಸಿಮೆಂಟಿನ ತೇಪೆ ಯಾವುದಕ್ಕೆ ಅಂಟುತ್ತದೆ, ಯಾವುದಕ್ಕೆ ಅಂಟದು ಎಂಬುದನ್ನು ಮಕ್ಕಳೇ ಹೇಳುತ್ತಾರೆ.